ಮಕ್ಕಳ ಕೈಲಿ ಬರೆಸೋಕೆ ಯಾವ ಚಟುವಟಿಕೆ ಒಳ್ಳೇದು? ಎಲ್ಲವನ್ನೂ ಮಾಡಿಸಿ ನೋಡಿದ ಮೇಲೆ ನನ್ನ ಹೋಲಿಕೆ

ವಾರಕ್ಕೊಮ್ಮೆ ಕನ್ನಡ ಕಲಿಯೋಕೆ ಬರುವ ಮಕ್ಕಳ ಕೈಲಿ ಸ್ವಂತದ್ದು ಏನಾದರೂ ಬರೆಸಬೇಕು ಅಂತ ಹೊರಟರೆ ದಾರಿಗಳು ಬೇಕಾದಷ್ಟಿವೆ. ಚಿತ್ರ ತೋರಿಸಿ ಕಥೆ ಬರೆಸಬಹುದು, ಹಾಳೆ ಮಡಚಿ ಸರಣಿ ಕಥೆ ಆಡಿಸಬಹುದು, ಎರಡು ಪದ ಕೊಟ್ಟು ಸುಮ್ನೆ ಕೂರಬಹುದು. ಹಾಯ್ಕು (ಜಪಾನಿನ ಮೂರು ಸಾಲಿನ ಪುಟ್ಟ ಪದ್ಯ) ಇದೆ, ನಾಟಕ ಇದೆ, ಕೈಬರಹದ ಪತ್ರಿಕೆ ಇದೆ. ಇವನ್ನೆಲ್ಲ ನಾನು 7ರಿಂದ 12 ವರ್ಷದ ಮಕ್ಕಳ ಜೊತೆ ಮಾಡಿ ನೋಡಿದ್ದೇನೆ. ಕೆಲವರ ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಕೆಲವರಿಗೆ ಕನ್ನಡ ಕಿವಿಗೆ ಬೀಳೋದೇ ತರಗತಿಯಲ್ಲಿ.

ಯಾವುದು ಒಳ್ಳೇದು ಅಂತ ಹೇಳೋಕೆ ಒಂದು ಅಳತೆ ಬೇಕಲ್ವಾ? ಎಷ್ಟು ನಕ್ಕರು, ಎಷ್ಟು ಸಾಲು ಬರೆದರು ಅನ್ನೋದನ್ನ ನಾನು ಲೆಕ್ಕಕ್ಕೆ ಇಟ್ಟುಕೊಳ್ಳಲ್ಲ. ಬರೆಯುತ್ತಾ ಬರೆಯುತ್ತಾ ಮಗು ತಲೆ ಎತ್ತಿ "ಟೀಚರ್, ಇದಕ್ಕೆ ಕನ್ನಡದಲ್ಲಿ ಏನಂತಾರೆ?" ಅಂತ ಕೇಳಿತಾ ಇಲ್ವಾ, ಅಷ್ಟೇ ನೋಡುತ್ತೇನೆ. ತನಗೆ ಬೇಕು ಅಂತ ಕೇಳಿ ಪಡೆದ ಪದ ಮಗುವಿಗೆ ಮರೆಯಲ್ಲ. ನಾವಾಗಿ ಬೋರ್ಡಿನ ಮೇಲೆ ಬರೆದ ಪದಗಳ ಪಟ್ಟಿ ಮುಂದಿನ ವಾರಕ್ಕೆ ಉಳಿದಿರಲ್ಲ. ನ್ಯೂಜಿಲೆಂಡಿನಲ್ಲಿ ಅಲ್ಲಿನ ಮೂಲನಿವಾಸಿಗಳಾದ ಮಾವೋರಿ ಮಕ್ಕಳಿಗೆ ಕಲಿಸುತ್ತಿದ್ದ ಸಿಲ್ವಿಯಾ ಆಷ್ಟನ್-ವಾರ್ನರ್ ಇದನ್ನೇ ಪಾಠದ ಕ್ರಮ ಮಾಡಿಕೊಂಡಿದ್ದರು. ಪ್ರತಿ ಮಗುವನ್ನೂ ಕರೆದು ನಿನಗೆ ಇವತ್ತು ಯಾವ ಪದ ಬೇಕು ಅಂತ ಕೇಳಿ, ಅದನ್ನು ಒಂದು ಕಾರ್ಡಿನ ಮೇಲೆ ಬರೆದು ಕೈಗೆ ಕೊಡುತ್ತಿದ್ದರು. ಆಮೇಲೆ ಮಗುವಿಗೆ ಆ ಪದ ಗುರುತು ಸಿಗದಿದ್ದರೆ ಕಾರ್ಡನ್ನು ಎಸೆದುಬಿಡುತ್ತಿದ್ದರು. ಅಂದರೆ ಅದು ಆ ಮಗುವಿನ ಪದ ಅಲ್ಲ ಅಂತ.

ಈ ಅಳತೆಯಲ್ಲಿ ಎಲ್ಲಕ್ಕಿಂತ ಕೆಳಗೆ ಬರೋದು "ನಿಮಗೆ ಇಷ್ಟ ಬಂದದ್ದು ಬರೆಯಿರಿ" ಅನ್ನುವುದು. ಭಾಷೆ ಇನ್ನೂ ಕೈಗೆ ಹತ್ತದ ಮಗುವಿಗೆ ಪೂರ್ತಿ ಸ್ವಾತಂತ್ರ್ಯ ಕೊಟ್ಟರೆ ಅದು ತನಗೆ ಗೊತ್ತಿರೋ ನಾಲ್ಕು ವಾಕ್ಯಕ್ಕೇ ವಾಪಸ್ ಹೋಗುತ್ತದೆ.

ಚಿತ್ರ ನೋಡಿ ಕಥೆ ಬರೆಯೋದು ಎಲ್ಲರೂ ಮೊದಲು ಹಿಡಿಯುವ ದಾರಿ. ತಯಾರಿ ಕಡಿಮೆ, ಮಕ್ಕಳೂ ತಕ್ಷಣ ಶುರು ಮಾಡುತ್ತಾರೆ. ಆದರೆ ಬರುವುದು ಏನು? "ಒಂದು ಮನೆ ಇದೆ. ಒಂದು ಮರ ಇದೆ. ಮರದ ಮೇಲೆ ಹಕ್ಕಿ ಇದೆ." ಪದ ಕೇಳುತ್ತಾರೆ, ಕೇಳಲ್ಲ ಅಂತಲ್ಲ, ಆದರೆ ಎಲ್ಲವೂ ವಸ್ತುಗಳ ಹೆಸರು. ಕ್ರಿಯಾಪದ ಒಂದೇ, 'ಇದೆ'. ಚಿತ್ರದ ಅರ್ಧ ಭಾಗ ಮುಚ್ಚಿಟ್ಟು, ಆ ಕಡೆ ಏನು ನಡೀತಿದೆ ಬರಿ ಅಂದರೆ ಸ್ವಲ್ಪ ಜೀವ ಬರುತ್ತದೆ. ತೀರಾ ಹೊಸಬರಿಗೆ ಪರವಾಗಿಲ್ಲ, ಅದಕ್ಕಿಂತ ಮುಂದಕ್ಕೆ ನಾನು ಒಯ್ಯಲ್ಲ.

ಸರಣಿ ಕಥೆಯಲ್ಲಿ ಗಲಾಟೆ ಜಾಸ್ತಿ, ಖುಷಿಯೂ ಜಾಸ್ತಿ. ಒಬ್ಬರು 'ಯಾರು' ಅಂತ ಬರೆದು ಹಾಳೆ ಮಡಚುತ್ತಾರೆ, ಮುಂದಿನವರು ನೋಡದೆ 'ಎಲ್ಲಿ' ಬರೆಯುತ್ತಾರೆ, ಮೂರನೆಯವರು 'ಏನು ಮಾಡಿದರು'. 1925ರ ಹೊತ್ತಿಗೆ ಪ್ಯಾರಿಸ್ಸಿನ ಸರ್ರಿಯಲಿಸ್ಟ್ (ಕನಸಿನಂಥ, ತರ್ಕಕ್ಕೆ ಸಿಗದ ಕಲೆಯ ಪಂಥದ) ಕವಿಗಳು, ಕಲಾವಿದರು ಇದನ್ನೇ ಆಡುತ್ತಿದ್ದರು, ಮಾತಿನಲ್ಲೂ ಚಿತ್ರದಲ್ಲೂ. ನಮ್ಮ ಮಕ್ಕಳ ಹಾಳೆ ಬಿಚ್ಚಿದರೆ "ನನ್ನ ಅಜ್ಜಿ ಬಾವಿಯೊಳಗೆ ಸೈಕಲ್ ಹೊಡೆದನು" ಅಂತ ಇರುತ್ತದೆ. ಇಡೀ ತರಗತಿ ಒಟ್ಟಿಗೆ "ಹೊಡೆದಳು!" ಅಂತ ಕೂಗುತ್ತದೆ. ಕನ್ನಡದ ಕ್ರಿಯಾಪದ ಅವನು, ಅವಳು, ಅದು ಅನ್ನೋದನ್ನ ಬಾಲದಲ್ಲೇ ಹೊತ್ತುಕೊಂಡಿರುತ್ತದಲ್ಲ, ಆ ವಿಷಯ ಹತ್ತು ಸಲ ಹೇಳಿದರೂ ತಲೆಗೆ ಹೋಗದ ಮಗುವಿಗೆ ಇಲ್ಲಿ ಒಂದೇ ಸಲಕ್ಕೆ ಹೋಗುತ್ತದೆ. ಆ ಮಟ್ಟಿಗೆ ಇದು ಬಹಳ ಒಳ್ಳೆಯ ವ್ಯಾಕರಣದ ಆಟ. ಬರವಣಿಗೆ ಅಂತ ನೋಡಿದರೆ ಮಾತ್ರ ಕಡಿಮೆ ಅಂಕ ಕೊಡುತ್ತೇನೆ. ಹಾಳೆ ಮುಂದಕ್ಕೆ ಹೋಗಬೇಕು ಅನ್ನೋ ಅವಸರದಲ್ಲಿ ಗೊತ್ತಿರೋ ಪದವನ್ನೇ ಬರೆದು ಕೊಡುತ್ತಾರೆ. ಕೇಳೋಕೆ ಯಾರಿಗೂ ಪುರುಸೊತ್ತಿಲ್ಲ.

ಇನ್ನು ಎರಡು ಪದದ ಆಟ. ನನ್ನ ಮಟ್ಟಿಗೆ ಗೆದ್ದಿದ್ದು ಇದೇ. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಪದ ತಗೊಂಡು ಅವುಗಳ ನಡುವೆ ಕಥೆ ಹುಟ್ಟಿಸೋದು. ಇಟಲಿಯ ಮಕ್ಕಳ ಲೇಖಕ ಜಾನ್ನಿ ರೋದಾರಿ ಇದನ್ನು ಚೆನ್ನಾಗಿ ವಿವರಿಸಿ ಹೇಳಿದವರು. ಅವರಿಗೆ 1970ರಲ್ಲಿ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ ಬಂದಿತ್ತು. ಒಂದು ಮಗು ಬೋರ್ಡಿನ ಒಂದು ಬದಿಯಲ್ಲಿ ಒಂದು ಪದ ಬರೆಯಬೇಕು, ಇನ್ನೊಂದು ಮಗು ಅದನ್ನು ನೋಡದೆ ಇನ್ನೊಂದು ಬದಿಯಲ್ಲಿ. ಅವರು ಕೊಡುವ ಉದಾಹರಣೆ ನಾಯಿ ಮತ್ತು ಬಟ್ಟೆಯ ಬೀರು. ಬೀರುವಿನೊಳಗಿನ ನಾಯಿ, ನಾಯಿಯ ಬೀರು, ಬೀರುವಿನ ಮೇಲೆ ನಾಯಿ, ಹೀಗೆ ಎರಡನ್ನೂ ಬೇರೆ ಬೇರೆ ಥರ ಜೋಡಿಸಿ ನೋಡುತ್ತಾ ಹೋದರೆ ಎಲ್ಲೋ ಒಂದು ಕಡೆ ಕಥೆ ಬಾಗಿಲು ತೆಗೆಯುತ್ತದೆ.

ಕನ್ನಡಕ್ಕೆ ಈ ಆಟ ಎಷ್ಟು ಚೆನ್ನಾಗಿ ಹೊಂದುತ್ತೆ ನೋಡಿ. ನಮ್ಮಲ್ಲಿ ಈ ಜೋಡಣೆಯೆಲ್ಲ ನಡೆಯೋದು ವಿಭಕ್ತಿಯಿಂದ. ನಮ್ಮ ತರಗತಿಯಲ್ಲಿ ಬಂದ ಜೋಡಿ ಮೀನು ಮತ್ತು ಏಣಿ. ಮೀನಿನ ಏಣಿ, ಮೀನಿಗೆ ಏಣಿ, ಏಣಿಯಲ್ಲಿ ಮೀನು, ಏಣಿಯಿಂದ ಮೀನು. ಷಷ್ಠಿ, ಚತುರ್ಥಿ ಅಂತ ಹೆಸರೆತ್ತದೆ ಮಕ್ಕಳು ಅಷ್ಟನ್ನೂ ಬಾಯಲ್ಲಿ ತಿರುಗಿಸಿದರು. 'ಮೀನುವಿನ' ಅಂತ ಒಬ್ಬ ಹೇಳಿದಾಗ ಪಕ್ಕದವಳೇ 'ಮೀನಿನ' ಅಂತ ತಿದ್ದಿದಳು. ಆಮೇಲೆ ಬರೆಯೋಕೆ ಕೂತರು. ಒಬ್ಬ ಹುಡುಗಿ ಬರೆದದ್ದು ಹೀಗಿತ್ತು:

"ಮೀನು ಏಣಿ ಹತ್ತಿತು. ಮೇಲೆ ಕೆರೆ ಇರಲಿಲ್ಲ. ಮೋಡ ಇತ್ತು. ಮೋಡದಲ್ಲಿ ನೀರು ಇದೆ ಅಂತ ಮೀನಿಗೆ ಗೊತ್ತು."

ಇಲ್ಲಿಗೆ ನಿಲ್ಲಿಸಿ ನನ್ನ ಹತ್ತಿರ ಬಂದಳು. ಮೋಡ ತಲುಪೋ ತನಕ ಮೀನಿಗೆ ಉಸಿರಾಡೋಕೆ ಆಗಲ್ಲ ಅಲ್ವಾ, ಹಾಗೆ ಆಗೋದಕ್ಕೆ ಏನಂತಾರೆ ಅಂತ ಕೇಳಿದಳು. 'ಉಸಿರುಗಟ್ಟುವುದು' ಅಂದೆ. ಎರಡು ಸಲ ಹೇಳಿಕೊಂಡು, ಟ ಒತ್ತಕ್ಷರ ಎಲ್ಲಿ ಬರುತ್ತೆ ಅಂತ ಕೇಳಿ ಹೋದಳು. "ಮೀನಿಗೆ ಉಸಿರುಗಟ್ಟಿತು. ಆದರೂ ಹತ್ತಿತು." ಯಾವ ಪಾಠದ ಪುಸ್ತಕದಲ್ಲಿ ಒಂಬತ್ತು ವರ್ಷದ ಮಗುವಿಗೆ ಈ ಪದ ಕಲಿಸುತ್ತಾರೆ ಹೇಳಿ? ಅವಳ ಮೀನಿಗೆ ಅದು ಬೇಕಾಗಿತ್ತು, ಅದಕ್ಕೆ ಬಂತು. ಈ ಆಟ ಆಡಿಸಿದಾಗೆಲ್ಲ ಹೀಗೇ ಆಗುತ್ತದೆ. ಎರಡು ದೂರದ ವಸ್ತುಗಳನ್ನು ಸೇರಿಸೋಕೆ ಅವರಿಗೆ ಗೊತ್ತಿರೋ ಕ್ರಿಯಾಪದಗಳು ಸಾಲುವುದಿಲ್ಲ. ಚಿತ್ರ ಕೊಟ್ಟಾಗ ಹೆಸರು ಕೇಳುವ ಮಕ್ಕಳು ಇಲ್ಲಿ ಕ್ರಿಯೆ ಕೇಳುತ್ತಾರೆ. ಒಂದು ಎಚ್ಚರಿಕೆ: ಪದಗಳನ್ನು ಟೀಚರ್ ಆರಿಸಬಾರದು. ನಾವು ಆರಿಸಿದರೆ ನಮ್ಮ ತಲೆಯಲ್ಲಿ ಒಂದು ಕಥೆ ಆಗಲೇ ಇರುತ್ತದೆ, ಮಕ್ಕಳು ಅದನ್ನು ಊಹಿಸೋಕೆ ಹೊರಡುತ್ತಾರೆ.

ಪದ್ಯದ ಕಡೆ ಬಂದರೆ, ಪ್ರಾಸದ ಪದ್ಯ ಬರೆಸೋದನ್ನ ನಾನು ಬಿಟ್ಟಿದ್ದೇನೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರೋದರಿಂದ ಅಂತ್ಯಪ್ರಾಸ ತಾನಾಗೇ ಸಿಕ್ಕಿಬಿಡುತ್ತದೆ. ಹಾರುತ್ತದೆ, ಓಡುತ್ತದೆ, ಹಾಡುತ್ತದೆ, ಮುಗಿಯಿತು ಪದ್ಯ. ಅದರ ಬದಲು ಹಳಗನ್ನಡ ಕವಿಗಳು ಬಳಸುತ್ತಿದ್ದ ಆದಿಪ್ರಾಸವನ್ನು, ಅಂದರೆ ಸಾಲಿನ ಎರಡನೇ ಅಕ್ಷರ ಹೊಂದಿಸೋದನ್ನ, ಬರೀ ಪದ ಹುಡುಕುವ ಆಟವಾಗಿ ಆಡಿಸಿ ನೋಡಿ. ಮಳೆ, ಬಳೆ, ಎಳೆ, ಕೊಳೆ. 'ಬೆಲೆ' ಅಂತ ಯಾರಾದರೂ ಸೇರಿಸಿದರೆ ಉಳಿದವರು ಬಿಡಲ್ಲ. ಲ ಮತ್ತು ಳ ಕಿವಿಯಲ್ಲಿ ಬೇರೆಯಾಗೋಕೆ ಇದಕ್ಕಿಂತ ಸುಲಭದ ದಾರಿ ನನಗೆ ಸಿಕ್ಕಿಲ್ಲ.

ಪ್ರಾಸ ಇಲ್ಲದ ಪದ್ಯಗಳಲ್ಲಿ ಪೈಪೋಟಿ ಇರೋದು ಎರಡರ ನಡುವೆ. ಒಂದು ಐದು ಸಾಲಿನ ಸಿಂಕ್ವೇನ್, ಇನ್ನೊಂದು ಹಾಯ್ಕು. ಸಿಂಕ್ವೇನನ್ನು ರೂಪಿಸಿದ್ದು ಅಮೆರಿಕದ ಕವಿ ಅಡಿಲೇಡ್ ಕ್ರಾಪ್ಸಿ. ಅವರ ಮೂಲ ಲೆಕ್ಕ ಉಚ್ಚಾರದ ಅಕ್ಷರಗಳದ್ದು, 2-4-6-8-2. ತರಗತಿಗಳಲ್ಲಿ ಬಳಕೆಗೆ ಬಂದದ್ದು ಪದ ಎಣಿಸುವ ಸುಲಭದ ರೂಪ: ಮೊದಲು ಒಂದು ಹೆಸರು, ಆಮೇಲೆ ಅದು ಹೇಗಿದೆ ಅಂತ ಎರಡು ಪದ, ಏನು ಮಾಡುತ್ತದೆ ಅಂತ ಮೂರು, ನಾಲ್ಕು ಪದದ ಒಂದು ವಾಕ್ಯ, ಕೊನೆಗೆ ಅದಕ್ಕೇ ಇನ್ನೊಂದು ಹೆಸರು. ಎಂಟು ವರ್ಷದ ಹುಡುಗನೊಬ್ಬನದ್ದು:

ಗಾಳಿ
ಕಾಣದ, ತಣ್ಣನೆಯ
ಬೀಸುತ್ತದೆ, ತಳ್ಳುತ್ತದೆ, ಓಡುತ್ತದೆ
ನನ್ನ ಟೋಪಿ ಕದ್ದುಕೊಂಡು ಹೋಯಿತು
ಕಳ್ಳ

ಇದರಲ್ಲಿ ಸೋಲುವ ಮಗು ಇಲ್ಲ. ಅಕ್ಷರ ಈಗಷ್ಟೇ ಕೂಡಿಸುತ್ತಿರುವವರೂ ಮುಗಿಸುತ್ತಾರೆ, ಎದ್ದು ನಿಂತು ಓದುತ್ತಾರೆ. ಎರಡನೇ ಸಾಲಿಗೆ ಬಂದಾಗ ಪದ ಕೇಳುತ್ತಾರೆ, ಯಾಕಂದ್ರೆ 'ದೊಡ್ಡ', 'ಚಿಕ್ಕ', 'ಚೆನ್ನಾಗಿರೋ' ಬಿಟ್ಟರೆ ಅವರ ಹತ್ತಿರ ಬೇರೆ ಇರಲ್ಲ. ಆದರೆ ಮೇಲಿಂದ ಮೇಲೆ ಬರೆಸಿದರೆ ಅಚ್ಚು ಹೊಡೆದ ಹಾಗೆ ಆಗಿಬಿಡುತ್ತದೆ.

ಹಾಯ್ಕು ಕಷ್ಟ, ಆದರೆ ಮಜಾ ಬೇರೆ. ಮೂರು ಸಾಲಿಗೆ 5-7-5 ಅಕ್ಷರದ ಲೆಕ್ಕ ಕನ್ನಡದ ಮಕ್ಕಳಿಗೆ ಬೇಗ ಹತ್ತುತ್ತದೆ, ಏಕೆಂದರೆ ನಮ್ಮ ಬರವಣಿಗೆಯಲ್ಲಿ ಅಕ್ಷರ ಕಣ್ಣಿಗೇ ಕಾಣುತ್ತದೆ. 'ಅಮ್ಮ' ಎರಡು, ಒತ್ತಕ್ಷರಕ್ಕೆ ಬೇರೆ ಲೆಕ್ಕ ಇಲ್ಲ. 'ಬಸ್' ಒಂದಾ ಎರಡಾ ಅಂತ ಒಮ್ಮೆ ದೊಡ್ಡ ವಾದವೇ ನಡೆಯಿತು. ಸ್ವರ ಇಲ್ಲದ ಸ್ ತಾನೇ ನಿಲ್ಲಲ್ಲ, ಹಿಂದಿನ ಅಕ್ಷರಕ್ಕೆ ಸೇರುತ್ತದೆ, ಆದ್ದರಿಂದ ಒಂದು ಅಂತ ತೀರ್ಮಾನ ಆಯಿತು. ಛಂದಸ್ಸು ಹೇಳೋದೂ ಅದನ್ನೇ. ಹನ್ನೊಂದು ವರ್ಷದವಳೊಬ್ಬಳು ನಡುವಿನ ಸಾಲಿಗೆ "ಕೊಡೆಗೆ ಇನ್ನೂ ನೆನಪು" ಅಂತ ಬರೆದು ಬೆರಳು ಮಡಚಿ ಎಣಿಸಿದಳು. ಎಂಟು. ಒಂದು ಅಕ್ಷರ ಜಾಸ್ತಿ. ಯಾವ ಪದ ಬಿಡೋಕೂ ಮನಸ್ಸಿಲ್ಲ. ಜೋರಾಗಿ, ಬೇಗ ಬೇಗ ಹೇಳಿ ನೋಡು ಅಂದೆ. ಹೇಳಿದಳು, ಅವಳ ಬಾಯೇ ಎರಡನ್ನೂ ಕೂಡಿಸಿತು.

ಮಳೆ ನಿಂತಿತು
ಕೊಡೆಗಿನ್ನೂ ನೆನಪು
ಹನಿ ಬೀಳ್ತಿದೆ

ಲೋಪಸಂಧಿ ಅಂತ ಆಮೇಲೆ ಹೇಳಿದೆ. ಅಷ್ಟು ಹೊತ್ತಿಗೆ ಅದು ಅವಳದೇ ಆಗಿತ್ತು. ಹಾಯ್ಕು ಬರೆಯುವಾಗ ಮಕ್ಕಳು ಕೇಳುವ ಪ್ರಶ್ನೆಯೇ ಬೇರೆ ಥರ. "ಆಕಾಶಕ್ಕೆ ಎರಡಕ್ಷರದ ಪದ ಇದೆಯಾ?" ಇದೆ, ಬಾನು. "ಚಂದ್ರನಿಗೆ ಮೂರಕ್ಷರದ್ದು?" ತಿಂಗಳು. ಗೊತ್ತಿರುವ ಪದಕ್ಕೇ ಇನ್ನೊಂದು ಪದ ಬೇಕು ಅನ್ನಿಸೋದು ಭಾಷೆಯಲ್ಲಿ ಒಂದು ಮೆಟ್ಟಿಲು ಮೇಲೆ ಹೋದ ಲಕ್ಷಣ. ಒಂಬತ್ತರ ಒಳಗಿನವರಿಗೆ ಸಿಂಕ್ವೇನ್, ಹತ್ತು ದಾಟಿದವರಿಗೆ ಹಾಯ್ಕು, ಇದು ನನ್ನ ಆಯ್ಕೆ. ಚಿಕ್ಕವರಿಗೆ ಹಾಯ್ಕು ಕೊಟ್ಟರೆ ಎಣಿಸೋದರಲ್ಲೇ ಅರ್ಥ ಕಳೆದುಹೋಗುತ್ತದೆ.

ನಾಟಕಕ್ಕೆ ಒಂದು ದೊಡ್ಡ ಅನುಕೂಲ ಇದೆ. ಮನೆಯಲ್ಲಿ ಕನ್ನಡ ಕೇಳುವ ಮಗು 'ಮಾಡ್ತೀನಿ' ಅನ್ನುತ್ತದೆ, ಪುಸ್ತಕ 'ಮಾಡುತ್ತೇನೆ' ಅನ್ನುತ್ತದೆ. ತನಗೆ ಬರುವ ಕನ್ನಡ ತಪ್ಪು ಕನ್ನಡ ಅಂತ ಎಷ್ಟೋ ಮಕ್ಕಳು ನಂಬಿಬಿಟ್ಟಿರುತ್ತಾರೆ, ಅದು ನನಗೆ ನಿಜಕ್ಕೂ ಬೇಜಾರಿನ ವಿಷಯ. ಸಂಭಾಷಣೆ ಬರೆಯುವಾಗ ಆಡಿದ ಹಾಗೇ ಬರೆಯಬಹುದು, ಬರೆಯಲೇಬೇಕು. 'ಬಂದ್ಬಿಟ್ಟ' ಅಂತ ಹೇಗೆ ಬರೆಯೋದು ಅಂತ ಯೋಚಿಸುತ್ತಾ ಒತ್ತಕ್ಷರ ಕಲಿಯುತ್ತಾರೆ. ಸಿಟ್ಟು ಬಂದಾಗ ಏನನ್ನಬೇಕು, ಆಶ್ಚರ್ಯ ಆದಾಗ ಏನು, ಬೇಡ ಅಂತ ನಯವಾಗಿ ಹೇಳೋದು ಹೇಗೆ, ಇವನ್ನೆಲ್ಲ ಕೇಳುತ್ತಾರೆ. ತೊಂದರೆ ಏನಂದ್ರೆ ಮಾತುಗಾರ ಮಕ್ಕಳಿಬ್ಬರು ಇಡೀ ನಾಟಕ ತಮ್ಮ ಕೈಗೆ ತಗೊಳ್ಳುತ್ತಾರೆ. ಅದಕ್ಕೆ ನಾನು ಇಬ್ಬರಿಬ್ಬರ ಚಿಕ್ಕ ದೃಶ್ಯ ಮಾತ್ರ ಬರೆಸುತ್ತೇನೆ, ಒಂದು ಪುಟ, ಅಷ್ಟೇ.

ಬರೆದದ್ದನ್ನು ಏನು ಮಾಡೋದು ಅನ್ನುವುದರಲ್ಲೂ ಹೋಲಿಕೆ ಬೇಕು. ಗೋಡೆ ಪತ್ರಿಕೆ ನೋಡೋಕೆ ಚಂದ, ಆದರೆ ಪ್ರತಿ ಮಗುವೂ ತನ್ನ ಹಾಳೆ ಎಲ್ಲಿದೆ ಅಂತ ನೋಡಿ ಸುಮ್ಮನಾಗುತ್ತದೆ. ಓದುವವರು ಕಡಿಮೆ. ಪ್ರತಿ ತೆಗೆಸಿ ಹಂಚುವ ಕೈಬರಹದ ಪತ್ರಿಕೆ ಇದಕ್ಕಿಂತ ಮೇಲು. ಇನ್ನೊಂದು ಊರಿನ ತರಗತಿಗೆ ಕಳಿಸುವ ಪತ್ರ ಎಲ್ಲಕ್ಕಿಂತ ಮೇಲು. ಫ್ರಾನ್ಸಿನ ಹಳ್ಳಿ ಮೇಷ್ಟ್ರು ಸೆಲೆಸ್ತಾಂ ಫ್ರೆನೆ 1924ರಲ್ಲೇ ತರಗತಿಗೆ ಚಿಕ್ಕ ಮುದ್ರಣ ಯಂತ್ರ ತಂದಿದ್ದರು. ಮಕ್ಕಳು ತಾವೇ ಅಚ್ಚುಮೊಳೆ ಜೋಡಿಸಿ ತಮ್ಮ ಬರಹ ಅಚ್ಚು ಹಾಕಿ ದೂರದ ಶಾಲೆಗೆ ಕಳಿಸುತ್ತಿದ್ದರು. ಅಲ್ಲಿಂದಲೂ ಬರುತ್ತಿತ್ತು. ಗುರುತಿಲ್ಲದ ಮಗು ಓದುತ್ತದೆ ಅಂತ ಗೊತ್ತಾದರೆ ನಮ್ಮ ಮಕ್ಕಳು "ಇದು ಅವರಿಗೆ ಅರ್ಥ ಆಗುತ್ತಾ?" ಅಂತ ತಾವೇ ಕೇಳಿಕೊಂಡು ತಿದ್ದುತ್ತಾರೆ. ಕೆಂಪು ಪೆನ್ನಿನ ಕೆಲಸವೇ ಇಲ್ಲ.

ನಾಚಿಕೆ ಸ್ವಭಾವದವರಿಗೆ ಮಾತ್ರ ಇವು ಯಾವುವೂ ಸಾಲಲ್ಲ. ಅವರಿಗೆ ನನ್ನದೊಂದು ನೋಟ್‌ಬುಕ್ ಇದೆ, ಅವರು ಬರೆಯುತ್ತಾರೆ, ನಾನು ಉತ್ತರ ಬರೆಯುತ್ತೇನೆ. "ನಾನು ನಿನ್ನೆ ಆಟ ಆಡುತ್ತೇನೆ" ಅಂತ ಬರೆದಿದ್ದರೆ ಗೀಟು ಹಾಕಲ್ಲ. "ಹೌದಾ, ನಿನ್ನೆ ಯಾವ ಆಟ ಆಡಿದೆ?" ಅಂತ ಕೆಳಗೆ ಬರೆಯುತ್ತೇನೆ. ಮುಂದಿನ ಸಲ 'ಆಡಿದೆ' ಬರುತ್ತದೆ, ಇಲ್ಲದಿದ್ದರೆ ಅದರ ಮುಂದಿನ ಸಲ. ಇದಕ್ಕೆ ಟೀಚರ್ ಸಮಯ ಬಹಳ ಬೇಕು, ಮಕ್ಕಳು ಜಾಸ್ತಿ ಇದ್ದರೆ ಒಬ್ಬರಿಂದ ಆಗಲ್ಲ. ಹಾಗಾಗಿ ದೊಡ್ಡ ಮಕ್ಕಳನ್ನೇ ಚಿಕ್ಕವರ ಜೊತೆ ಜೋಡಿ ಮಾಡಿ ಉತ್ತರ ಬರೆಸೋಕೆ ಶುರು ಮಾಡಿದ್ದೇನೆ. ನಿಯಮ ಎರಡೇ: ಮೂರು ಸಾಲಿಗಿಂತ ಕಡಿಮೆ ಬರೆಯಬಾರದು, ಪ್ರತಿ ಉತ್ತರದಲ್ಲೂ ಒಂದು ಪ್ರಶ್ನೆ ಇರಬೇಕು. ಎರಡನೇ ನಿಯಮ ಬಿಟ್ಟರೆ ಪತ್ರವ್ಯವಹಾರ ಅಲ್ಲಿಗೇ ನಿಂತುಬಿಡುತ್ತದೆ.