ಎರೆಭೂಮಿಯವರಿಗೆ ಸಾಪಾ: ಎರಡು ದಿನದ ಚಾರಣ ಹೇಗಿದೆ?

ಉತ್ತರ ವಿಯೆಟ್ನಾಮಿನ ಗುಡ್ಡದೂರು ಸಾಪಾ. ಅಲ್ಲಿಯ ಮೆಟ್ಟಿಲು ಗದ್ದೆಗಳ ನಡುವಿನ ಎರಡು ದಿನದ ಚಾರಣಕ್ಕೆ ಐದರಲ್ಲಿ ನಾಲ್ಕು ಅಂಕ. ಕಳೆದ ಒಂದು ಅಂಕ ಗದ್ದೆಗಳದ್ದಲ್ಲ, ಹನೋಯಿಯ ಅಂಗಡಿಗಳಲ್ಲಿ ಮಾರುವ ಪ್ಯಾಕೇಜಿನದು. ಆ ಪ್ಯಾಕೇಜಿನಲ್ಲಿ ದೊಡ್ಡ ಗುಂಪು ಕಟ್ಟಿ, ಲಾವ್ ಚಾಯ್, ತಾ ವಾನ್ ಹಳ್ಳಿಗಳ ಕಡೆಗೆ ಬಹಳಷ್ಟು ದೂರ ಡಾಂಬರು ರಸ್ತೆಯಲ್ಲೇ ನಡೆಸುತ್ತಾರೆ. ಬೈಕುಗಳ ಹಾರ್ನ್ ಕೇಳಲು ಕಲಬುರಗಿಯ ಸೂಪರ್ ಮಾರ್ಕೆಟ್ ಸಾಕಲ್ಲ, ಅಷ್ಟು ದೂರ ಯಾಕೆ ಹೋಗಬೇಕು? ಅದರ ಬದಲು ಅಲ್ಲಿಯ ಗುಡ್ಡಗಾಡಿನ ಹ್ಮಾಂಗ್ ಜನಾಂಗದ ಮಹಿಳೆಯರೇ ನಡೆಸುವ ಸಂಸ್ಥೆಯಿಂದ ಗೈಡ್ ಗೊತ್ತು ಮಾಡಿಕೊಳ್ಳಿ. ಮಾತಾಡುವಾಗಲೇ "ಮೇಲಿನ ಕಾಲುದಾರಿ ಬೇಕು, ರಸ್ತೆ ಬೇಡ" ಎಂದು ಹೇಳಿಬಿಡಿ. ಕಾಟ್ ಕಾಟ್ ಹಳ್ಳಿಗೆ ಟಿಕೆಟ್ ಇದೆ, ಮೆಟ್ಟಿಲುದ್ದಕ್ಕೂ ಅಂಗಡಿಗಳಿವೆ. ಬಿಟ್ಟರೂ ನಷ್ಟವಿಲ್ಲ.

ಹೋಗುವ ಮೊದಲು ವೀಸಾದ ಕಡೆ ಗಮನ ಕೊಡಿ. ಇ-ವೀಸಾ ಶುಲ್ಕ ಒಂದು ಪ್ರವೇಶಕ್ಕೆ 25 ಡಾಲರ್. ನಮ್ಮ ಕಡೆ ಅಡ್ಡಹೆಸರಿಲ್ಲದ ಪಾಸ್‌ಪೋರ್ಟುಗಳು ಸಾಕಷ್ಟಿವೆ. ಅರ್ಜಿಯಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಇರಬೇಕು. ಒಂದಕ್ಷರ ಹೆಚ್ಚುಕಡಿಮೆಯಾದರೂ ವಿಮಾನ ನಿಲ್ದಾಣದಲ್ಲೇ ತಡೆಯಬಹುದು. ಹನೋಯಿಯಿಂದ ಸಾಪಾ 300 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು, ಬಸ್ಸಿಗೆ 5-6 ತಾಸು. ರಾತ್ರಿ ರೈಲು ಲಾವ್ ಕಾಯ್ ಪಟ್ಟಣದವರೆಗೆ ಮಾತ್ರ ಹೋಗುತ್ತದೆ. ಅಲ್ಲಿಂದ ಘಾಟಿ ರಸ್ತೆಯಲ್ಲಿ ಇನ್ನೊಂದು ತಾಸು.

ಯಾವ ತಿಂಗಳು ಎಂಬುದರ ಮೇಲೆಯೇ ಅರ್ಧ ಪ್ರವಾಸ ನಿಂತಿದೆ. ಸಾಪಾ ಪಟ್ಟಣ 1,500 ಮೀಟರ್ ಎತ್ತರದಲ್ಲಿದೆ. ಚಳಿ ಹೆಚ್ಚಾದ್ದರಿಂದ ವರ್ಷಕ್ಕೆ ಒಂದೇ ಭತ್ತದ ಬೆಳೆ. ಮೇ ತಿಂಗಳಲ್ಲಿ ಗದ್ದೆಗೆ ನೀರು ಕಟ್ಟಿ, ಜೂನ್ ಹೊತ್ತಿಗೆ ನಾಟಿ ಮುಗಿಸುತ್ತಾರೆ. ಆಮೇಲೆ ಆಗಸ್ಟ್‌ವರೆಗೆ ಹಸಿರು, ಸೆಪ್ಟೆಂಬರಿನಲ್ಲಿ ಬಂಗಾರದ ಬಣ್ಣ, ತಿಂಗಳ ಕೊನೆಗೆ ಬರೀ ಕೂಳೆ. ಚಂದವೆಂದರೆ ಸೆಪ್ಟೆಂಬರೇ. ಆದರೆ ಅದು ಚಂಡಮಾರುತದ ತಿಂಗಳೂ ಹೌದು: 2024ರ ಸೆಪ್ಟೆಂಬರಿನಲ್ಲಿ ಯಾಗಿ ಚಂಡಮಾರುತ ಬಂದಾಗ ಲಾವ್ ಕಾಯ್ ಪ್ರಾಂತ್ಯದಲ್ಲಿ ಗುಡ್ಡಗಳೇ ಕುಸಿದವು. ಎರಡು ದಿನ ಕೈಯಲ್ಲಿ ಉಳಿಸಿಕೊಂಡೇ ಟಿಕೆಟ್ ಮಾಡಿ. ಡಿಸೆಂಬರಿನಿಂದ ಫೆಬ್ರವರಿವರೆಗೆ ಮಂಜು ಕವಿದರೆ ಹತ್ತು ಮಾರು ಆಚೆಗಿನ ಗದ್ದೆಯೂ ಕಾಣುವುದಿಲ್ಲ.

ಮೊದಲ ದಿನ ಯಿ ಲಿನ್ ಹೊ, ಲಾವ್ ಚಾಯ್ ದಾಟಿ ತಾ ವಾನ್‌ಗೆ ಸುಮಾರು 12 ಕಿ.ಮೀ. ದಾರಿ ಹೆಚ್ಚಾಗಿ ಇಳಿಜಾರು. ಬಯಲುಸೀಮೆಯವರಿಗೆ ತೊಂದರೆ ಕೊಡುವುದು ಉಸಿರಲ್ಲ, ಮೊಳಕಾಲು. ಒಂದು ತಿಂಗಳು ಮೊದಲಿಂದ ಯಾದಗಿರಿ ಕೋಟೆ ಹತ್ತಿ ಇಳಿಯಿರಿ, ಇಳಿಯುವುದೇ ಮುಖ್ಯ. ಮಳೆ ಬಿದ್ದರೆ ಇನ್ನೊಂದು ಕಥೆ. ನಮ್ಮ ಎರೆಮಣ್ಣು ಕಾಲನ್ನು ಹಿಡಿದುಕೊಳ್ಳುತ್ತದೆ, ಅಲ್ಲಿಯ ಜೇಡಿ ಕಾಲನ್ನು ಜಾರಿಸುತ್ತದೆ. ವಾಕಿಂಗ್ ಶೂ ಅಲ್ಲಿ ನಿಲ್ಲುವುದಿಲ್ಲ. ಸಾಪಾದಲ್ಲಿ ರಬ್ಬರ್ ಗಮ್‌ಬೂಟು ಬಾಡಿಗೆಗೆ ಸಿಗುತ್ತದೆ, ಒಳಗೆ ದಪ್ಪ ಉದ್ದನೆಯ ಕಾಲುಚೀಲ ಹಾಕದಿದ್ದರೆ ಮೀನಖಂಡ ಉಜ್ಜಿ ಬೊಬ್ಬೆ ಏಳುತ್ತದೆ. ಗದ್ದೆಯ ಬದು ಬರೀ ಹಸಿಮಣ್ಣಿನದು. ಅಂಚಿಗೆ ಕಾಲಿಟ್ಟು ಅದು ಒಡೆದರೆ ಮೇಲಿನ ಮಡಿಯ ನೀರೆಲ್ಲ ಕೆಳಗಿನ ಮಡಿಗೆ ನುಗ್ಗುತ್ತದೆ. ಗೈಡ್ ಇಟ್ಟ ಹೆಜ್ಜೆಯ ಮೇಲೇ ಹೆಜ್ಜೆ ಇಡಿ, ಫೋಟೊಗಾಗಿ ಅಡ್ಡ ಹಾಯಬೇಡಿ.

ಬುಟ್ಟಿ ಹೊತ್ತ ಹ್ಮಾಂಗ್ ಹೆಂಗಸರು ಜೊತೆಗೇ ನಡೆದು, ಜಾರುವಲ್ಲಿ ಕೈ ಹಿಡಿಯುತ್ತಾರೆ. ಊಟದ ಹೊತ್ತಿಗೆ ಬುಟ್ಟಿ ಬಿಚ್ಚುತ್ತಾರೆ. ಇದರಲ್ಲಿ ಮೋಸವೇನಿಲ್ಲ, ಅದು ಅವರ ದಿನಗೂಲಿ. ಕೈ ಹಿಡಿಸಿಕೊಂಡರೆ ಏನಾದರೂ ಕೊಳ್ಳಿ. ಕೊಳ್ಳುವ ಮನಸ್ಸಿಲ್ಲದಿದ್ದರೆ ಮೊದಲ ತಿರುವಿನಲ್ಲೇ ಹೇಳಿಬಿಡಿ. ಮಾರಲು ಬರುವ ಮಕ್ಕಳಿಂದ ಮಾತ್ರ ಕೊಳ್ಳಬೇಡಿ, ವ್ಯಾಪಾರ ಕುದುರಿದಷ್ಟೂ ಶಾಲೆ ತಪ್ಪುತ್ತದೆ.

ತಾ ವಾನ್ ಹೆಚ್ಚಾಗಿ ಜಾಯ್ ಜನರ ಊರು. ಹೋಮ್‌ಸ್ಟೇ ಎಂದರೆ ಮರದ ಮನೆಯ ಅಟ್ಟದಲ್ಲಿ ಹಾಸಿಗೆ, ಸೊಳ್ಳೆಪರದೆ. ಸಸ್ಯಾಹಾರಿಗಳು "ಆನ್ ಚಾಯ್" ಎಂಬ ಎರಡು ಮಾತು ಕಲಿತಿರಲಿ, ಮೀನಿನ ಸಾಸ್ ಬೇಡವೆಂದು ಬೇರೆಯಾಗಿ ಹೇಳಿ. ಪಲ್ಯದ ಸೊಪ್ಪಿಗೂ ಅದನ್ನು ಹಾಕುತ್ತಾರೆ. ತೋಫು, ಸೊಪ್ಪು, ಅನ್ನ ಧಾರಾಳ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಚೀಲದಲ್ಲಿದ್ದರೆ ಎರಡನೇ ದಿನ, ಜಾಂಗ್ ತಾ ಚಾಯ್ ಬಿದಿರುಕಾಡಿನ ಏರಿನಲ್ಲಿ ನೆನಪಾಗುತ್ತವೆ.

ಬಟ್ಟೆ ಕೊಳ್ಳುವಾಗ ಬಿದ್ರಿ ನೋಡಿ ಪಳಗಿದ ಕಣ್ಣು ಉಪಯೋಗಕ್ಕೆ ಬರುತ್ತದೆ. ಅಸಲಿ ಬಟ್ಟೆ ಸೆಣಬಿನಂಥ ಹೆಂಪ್ ನಾರಿನದು, ಎಳೆ ಒಂದು ದಪ್ಪ ಒಂದು ತೆಳು. ಜೇನುಮೇಣದಿಂದ ಚಿತ್ರ ಬರೆದು, ನೀಲಿಯಲ್ಲಿ ಹಲವು ಸಲ ಅದ್ದುತ್ತಾರೆ. ತಿರುಗಿಸಿ ನೋಡಿ: ಹಿಂದೆಯೂ ಚಿತ್ರ ಕಂಡರೆ, ಕಸೂತಿಯಲ್ಲಿ ಗಂಟುಗಳಿದ್ದರೆ ಕೈಕೆಲಸ. ಒಂದೇ ಮೈಗೆ ಅಚ್ಚಾಗಿದ್ದರೆ ಯಂತ್ರದ್ದು. ಕೈಗೆ ನೀಲಿ ಹತ್ತಿದರೆ ನಕಲಿ ಎಂದು ಬಿಡಬೇಡಿ, ಅಸಲಿ ನೀಲಿಯೇ ಹತ್ತುವುದು. ಬಿಳಿ ಬಟ್ಟೆಯ ಜೊತೆ ಮಡಚಬೇಡಿ, ಅಷ್ಟೇ. ಹಣ ಎಣಿಸುವಾಗ 20,000 ಮತ್ತು 5,00,000 ಡಾಂಗ್ ನೋಟುಗಳೆರಡೂ ನೀಲಿ ಎಂಬುದು ನೆನಪಿರಲಿ. ಸೊನ್ನೆ ಎಣಿಸಿ ಕೊಡಿ.

ಸಂತೆಗೆ ಬೇರೆ ದಿನ ಬೇಕು. ಬಾಕ್ ಹಾ ಸಂತೆ ಭಾನುವಾರ, ಕಾನ್ ಕಾವ್ ಶನಿವಾರ. ಸಾಪಾದಿಂದ ಬಾಕ್ ಹಾ ಊರಿಗೆ ಸುಮಾರು 3 ತಾಸಿನ ದಾರಿ, ಹಾಗಾಗಿ ಮುಂಜಾನೆಯೇ ಹೊರಡಿ. ಮಧ್ಯಾಹ್ನದ ಹೊತ್ತಿಗೆ ಸಂತೆ ಕರಗುತ್ತದೆ. ಬಣ್ಣಬಣ್ಣದ ಲಂಗದ ಹೂ ಹ್ಮಾಂಗ್ ಹೆಂಗಸರು ಇರುವುದು ಇಲ್ಲೇ. ಸಾಪಾ ಸುತ್ತ ಇರುವವರು ಕಪ್ಪು ಹ್ಮಾಂಗ್. ದೊಡ್ಡ ಕಡಾಯಿಗಳಲ್ಲಿ ಕುದಿಯುವುದು ತಾಂಗ್ ಕೊ, ಕುದುರೆ ಮಾಂಸದ ಸಾರು, ಕೇಳಿಯೇ ಕೂರಿ. ಎಮ್ಮೆಗಳನ್ನು ಮಾರುವ ಜಾಗ ಬೇರೆಯೇ ಇದೆ, ಬಟ್ಟೆ ಅಂಗಡಿಗಳಿಗಿಂತ ಮೊದಲು ಅಲ್ಲಿಗೆ ಹೋಗಿ.