ಖಾಯಂ ಗುಂಪೋ, ದಿನ ಬಿಟ್ಟು ದಿನವೋ?

ಕೊರೊನಾದಿಂದ ಶಾಲೆ ಮುಚ್ಚಿದ್ದಾಗ, 2020ರ ಆಗಸ್ಟ್‌ನಲ್ಲಿ, ಮಕ್ಕಳಿದ್ದಲ್ಲಿಗೇ ಮೇಷ್ಟ್ರು ಹೋಗಿ ಪಾಠ ಮಾಡುವ ಸರ್ಕಾರದ ವಿದ್ಯಾಗಮ ಯೋಜನೆ ಶುರುವಾದಾಗ ನಮ್ಮ ದಾವಣಗೆರೆ ಕಡೆಯ ಹಳ್ಳಿಗಳಲ್ಲೂ ಮಕ್ಕಳು ಗುಡಿಕಟ್ಟೆಯಲ್ಲಿ, ಮರದ ನೆರಳಲ್ಲಿ ಗುಂಪಾಗಿ ಕೂತರು. ಅಕ್ಟೋಬರ್‌ನಲ್ಲಿ ಸೋಂಕಿನ ಭಯಕ್ಕೆ ಅದು ನಿಂತಿತು. ಮತ್ತೆ ಅಂಥ ದಿನ ಬಂದರೆ ಶಾಲೆಯವರನ್ನು ಏನು ಕೇಳಬೇಕು? ಮಕ್ಕಳನ್ನು ಖಾಯಂ ಗುಂಪು ಮಾಡಿ ಕೂರಿಸಿ ಅಂತಲೋ, ಅರ್ಧ ಮಕ್ಕಳನ್ನು ದಿನ ಬಿಟ್ಟು ದಿನ ಕರೆಸಿ ಅಂತಲೋ?

ಖಾಯಂ ಗುಂಪಿನಲ್ಲಿ ದಿನಾ ಅದೇ ಮಕ್ಕಳು. ಒಬ್ಬರಿಗೆ ಸೋಂಕು ಬಂದರೆ ಯಾರ ಜೊತೆ ಕೂತಿದ್ದರು ಅಂತ ಹುಡುಕುವುದು ಸುಲಭ. ಆದರೆ ಎರಡು ಗುಂಪಿನವರು ಒಂದೇ ಆಟೋದಲ್ಲಿ ಬಂದರೆ ಏನು ಉಪಯೋಗ? ಗೆಳತಿ ಬೇರೆ ಗುಂಪಿಗೆ ಹೋದರೆ ಮಗು ಅಳುತ್ತದೆ. ಅದೂ ನಿಜವಾದ ನೋವೇ, ಅಲ್ವಾ?

ದಿನ ಬಿಟ್ಟು ದಿನವಾದರೆ ಬೆಂಚಿನಲ್ಲಿ ಜಾಗ ಜಾಸ್ತಿ. ಕೂಲಿಗೆ ಹೋಗುವ ಅಪ್ಪ ಅಮ್ಮನಿಗೆ ಮಾತ್ರ ಕಷ್ಟ.

ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ನಾನು ಖಾಯಂ ಗುಂಪನ್ನೇ ಕೇಳುತ್ತೇನೆ. ಅಣ್ಣ ತಂಗಿಯ ಗುಂಪು ಬೇರೆಯಾದರೆ ಸೋಂಕು ಮನೆಯಿಂದಲೇ ಒಂದು ಗುಂಪಿನಿಂದ ಇನ್ನೊಂದಕ್ಕೆ ದಾಟಬಹುದು. ಅದನ್ನು ಮೇಷ್ಟ್ರಿಗೆ ಮೊದಲೇ ಹೇಳಿ.