ಇನ್‌ಟೇಕ್ ಒಳಗೆ ನಟ್ ಬಿದ್ದರೆ ಸೆಲ್ಫ್ ಹೊಡೆಯಲು ಬಿಡಬೇಡಿ

ಪುಣೆ, ಪಿಂಪ್ರಿ-ಚಿಂಚವಾಡ ಕಡೆ ಕಾರು ಇಟ್ಟುಕೊಂಡಿರುವ ನಮ್ಮವರೆಲ್ಲ ಇದನ್ನು ದಯವಿಟ್ಟು ಓದಿ. ಥ್ರಾಟಲ್ ಬಾಡಿ (ಎಂಜಿನ್ನಿಗೆ ಗಾಳಿ ಹೋಗುವ ದಾರಿ, ಅಂದರೆ ಇನ್‌ಟೇಕ್‌ನ ಬಾಗಿಲು) ಕ್ಲೀನ್ ಮಾಡಿಸುವಾಗ, ಏರ್ ಫಿಲ್ಟರ್ ಬದಲಿಸುವಾಗ ಅಥವಾ ಪ್ಲಗ್ ಬಿಚ್ಚಿಸುವಾಗ ಒಂದು ನಟ್ಟೋ ವಾಷರ್ರೋ ಎಂಜಿನ್ ಒಳಗೆ ಬಿದ್ದರೆ, ಅದು ಹೊರಗೆ ಬಂದು ಕೈಗೆ ಸಿಗುವ ತನಕ ಯಾರೂ ಗಾಡಿ ಸ್ಟಾರ್ಟ್ ಮಾಡಕೂಡದು. ಬಿದ್ದದ್ದರಿಂದ ಎಂಜಿನ್ ಕೆಡುವುದಿಲ್ಲ. ಸ್ಟಾರ್ಟ್ ಮಾಡಿದ್ದರಿಂದ ಕೆಡುತ್ತದೆ. ನನ್ನ ಕಾರಿಗೆ ಆದದ್ದು ಅದೇ.

ಹಬ್ಬಕ್ಕೆ ಧಾರವಾಡಕ್ಕೆ ಹೊರಡುವ ಮುಂಚೆ ಗಾಡಿ ತೋರಿಸೋಣ ಅಂತ ಭೋಸರಿ ಕಡೆಯ ಒಂದು ಗ್ಯಾರೇಜಿಗೆ ಬಿಟ್ಟಿದ್ದೆ. ಸಿಗ್ನಲ್‌ನಲ್ಲಿ ನಿಂತಾಗ ಆರ್‌ಪಿಎಂ ಏರಿಳಿಯುತ್ತಿತ್ತು. ಥ್ರಾಟಲ್ ಬಾಡಿಗೆ ಮಸಿ ಕಟ್ಟಿದೆ, ಕ್ಲೀನ್ ಮಾಡಿದರೆ ಸಾಕು ಎಂದರು. ಅದು ಸರಿಯಾದ ಮಾತೇ. ಸಣ್ಣ ಕೆಲಸ, ಖರ್ಚೂ ಜಾಸ್ತಿ ಇಲ್ಲ. ಸಂಜೆ ಗಾಡಿ ತೆಗೆದುಕೊಳ್ಳಲು ಹೋದೆ. ಕೀಲಿ ತಿರುಗಿಸಿದ ಕೂಡಲೇ ಒಳಗಿನಿಂದ ಟಣ್ ಟಣ್ ಎಂದು ಬಡಿಯುವ ಸದ್ದು. ಇಡೀ ಗಾಡಿ ನಡುಗುತ್ತಿತ್ತು, ಚೆಕ್ ಎಂಜಿನ್ ದೀಪ ಮಿಣುಕುತ್ತಿತ್ತು. ತಕ್ಷಣ ಬಂದ್ ಮಾಡಿದೆ. ಗ್ಯಾರೇಜಿನ ಮಾಲೀಕರು, 'ಕಾಹೀ ನಾಹೀ ಸಾಹೇಬ, ಎಂಜಿನ್ ಮೌಂಟಿಂಗ್ ಹೋಗಿದೆ, ನಡೆಯುತ್ತೆ' ಎಂದರು. ತಾವೇ ಕೂತು ಇನ್ನೊಮ್ಮೆ ಸ್ಟಾರ್ಟ್ ಮಾಡಿ, ರೇಸ್ ಕೊಟ್ಟು ತೋರಿಸಿದರು. ಆ ಸದ್ದನ್ನು ಮೊಬೈಲ್‌ನಲ್ಲಿ ಹಿಡಿದು ನಿಗಡಿಯಲ್ಲಿರುವ ನಮ್ಮ ಪರಿಚಯದ ಮಿಸ್ತ್ರಿಗೆ ಕಳಿಸಿದೆ. ಅವರು ಇಂಡಿ ಕಡೆಯವರು. ಒಂದು ನಿಮಿಷದೊಳಗೆ ಫೋನ್ ಬಂತು.

'ಸರ, ಇದು ಮೌಂಟಿಂಗ್ ಅಲ್ಲರೀ. ಒಳಗ ಕಬ್ಬಣ ಬಡೀಲಿಕ್ಕ ಹತ್ತೇತಿ. ಮೊದಲ ಬಂದ್ ಮಾಡಸ್ರಿ. ಟೋ ಮಾಡ್ಕೊಂಡ ತರ್ರಿ, ಹೊಡ್ಕೊಂಡ ಬರಬ್ಯಾಡ್ರಿ.'

ನಿಗಡಿಯಲ್ಲಿ ಪ್ಲಗ್‌ಗಳನ್ನು ಒಂದೊಂದಾಗಿ ಬಿಚ್ಚಿದರು. ಮೊದಲೆರಡು ಸರಿ ಇದ್ದವು. ಮೂರನೇ ಸಿಲಿಂಡರಿನ ಪ್ಲಗ್ ಕೈಗೆ ಬಂದಾಗ ಅವರು ಏನೂ ಹೇಳುವುದೇ ಬೇಕಾಗಲಿಲ್ಲ. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಲು ಒಂದು ಸಣ್ಣ ಸಂದು ಇರುತ್ತದಲ್ಲ, ಅದು ಪೂರ್ತಿ ಮುಚ್ಚಿಹೋಗಿತ್ತು. ಮೇಲಿನ ಕೊಕ್ಕೆ ಜಜ್ಜಿ ನಡುವಿನ ಕಡ್ಡಿಗೆ ಅಂಟಿಕೊಂಡಿತ್ತು, ಬಿಳಿ ಪಿಂಗಾಣಿಯ ಚೂರೊಂದು ಎದ್ದಿತ್ತು. ಆ ತೂತಿನಿಂದ ಎಂಡೋಸ್ಕೋಪ್ ಕ್ಯಾಮೆರಾ ಇಳಿಸಿದಾಗ ಪಿಸ್ಟನ್ ತಲೆಯ ಮೇಲೆಲ್ಲ ಗುಂಡಿಗಳು. ಕೆಲವು ಗುಂಡಿಗಳಲ್ಲಿ ನಟ್ಟಿನ ಮೂಲೆಗಳ ಅಚ್ಚು ಸ್ಪಷ್ಟವಾಗಿ ಕಾಣುತ್ತಿತ್ತು.

ನಟ್ ಎಲ್ಲಿಯದು ಅನ್ನುವುದೂ ಅಲ್ಲೇ ಗೊತ್ತಾಯಿತು. ಥ್ರಾಟಲ್ ಬಾಡಿ ಹಿಡಿದಿದ್ದ ನಾಲ್ಕು ನಟ್‌ಗಳಲ್ಲಿ ಮೂರು ಹಳೆಯವು, ಮಂಕು ಹಳದಿ ಬಣ್ಣ. ನಾಲ್ಕನೆಯದು ಹೊಸದು, ಬೆಳ್ಳಗೆ ಹೊಳೆಯುತ್ತಿತ್ತು. ಆಮೇಲೆ ಭೋಸರಿ ಗ್ಯಾರೇಜಿನ ಹುಡುಗನೇ ನನಗೆ ವಿಷಯ ಹೇಳಿದ. ಥ್ರಾಟಲ್ ಬಾಡಿ ತೆಗೆದು ಮ್ಯಾನಿಫೋಲ್ಡಿನ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಬಾಯಿ ಹಾಗೇ ತೆರೆದಿಟ್ಟಿದ್ದರು. ನಟ್‌ಗಳನ್ನು ಎಂಜಿನ್ ಮೇಲೆಯೇ ಇಟ್ಟಿದ್ದರು. ಒಂದು ಉರುಳಿ ಒಳಗೆ ಬಿತ್ತು. ಹುಡುಗ ಆಗಲೇ ಹೇಳಿದ್ದಾನೆ. ಟಾರ್ಚ್ ಹಾಕಿ ನೋಡಿ, ಕಾಣದಿದ್ದಾಗ ಬೇರೆ ನಟ್ ಹಾಕಿ, 'ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತೆ' ಎಂದು ಸ್ಟಾರ್ಟ್ ಮಾಡಿದ್ದಾರೆ. ಆ ಹುಡುಗನ ಮೇಲೆ ನನಗೆ ಸ್ವಲ್ಪವೂ ಸಿಟ್ಟಿಲ್ಲ. ಅವನು ಸತ್ಯ ಹೇಳಿದ. ಮುಚ್ಚಿಟ್ಟವರ ಮೇಲೆ ಸಿಟ್ಟಿದೆ, ಇವತ್ತಿಗೂ ಇದೆ.

ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತೆ ಅನ್ನುವ ಮಾತನ್ನು ಯಾರು ಹೇಳಿದರೂ ನಂಬಬೇಡಿ. 10 ನಂಬರ್ ಪಾನಾ ಹಿಡಿಯುವ ನಟ್ ಸುಮಾರು 5 ಮಿಲಿಮೀಟರ್ ದಪ್ಪ. ಸಿಲಿಂಡರಿಗೆ ಗಾಳಿ ಬಿಡುವ ಇನ್‌ಟೇಕ್ ವಾಲ್ವ್ ಅದಕ್ಕಿಂತ ಜಾಸ್ತಿ ತೆರೆಯುವುದರಿಂದ ನಟ್ ಒಳಗೆ ಹೋಗಿಬಿಡುತ್ತದೆ. ಆದರೆ ಪಿಸ್ಟನ್ ಮೇಲೆ ಬಂದಾಗ ಅಂಚಿನಲ್ಲಿ ಅದಕ್ಕೂ ಸಿಲಿಂಡರಿನ ಮೇಲಿನ ಮುಚ್ಚಳವಾದ ಹೆಡ್ಡಿಗೂ ನಡುವೆ ಉಳಿಯುವ ಜಾಗ ಹೆಚ್ಚುಕಡಿಮೆ ಒಂದೇ ಮಿಲಿಮೀಟರ್. ಸುಮ್ನೆ ಐಡ್ಲಿಂಗ್‌ನಲ್ಲಿ, 800 ಆರ್‌ಪಿಎಂನಲ್ಲಿ ನಿಂತರೂ ಪಿಸ್ಟನ್ ನಿಮಿಷಕ್ಕೆ 800 ಸಲ ಮೇಲೆ ಬರುತ್ತದೆ, ಅಂದರೆ ಸೆಕೆಂಡಿಗೆ 13 ಸಲ. ಪ್ರತಿ ಸಲವೂ ಒಂದು ಸುತ್ತಿಗೆ ಏಟು. ಪಿಸ್ಟನ್ ಅಲ್ಯುಮಿನಿಯಂನದು, ನಟ್ ಉಕ್ಕಿನದು. ವಾಲ್ವ್ ಮುಚ್ಚುವಾಗ ನಟ್ ಸಂದಿನಲ್ಲಿ ಸಿಕ್ಕರೆ ವಾಲ್ವ್ ಬಾಗುತ್ತದೆ. ಚೂರಾಗಿ ಹೊರಗೆ ಹೋದರೂ ಮುಂದೆ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆ, ಅದರೊಳಗಿನದು ಸೆರಾಮಿಕ್ ಜಾಲರಿ, ಏಟು ಬಿದ್ದರೆ ಒಡೆಯಬಹುದು. ಡೀಸೆಲ್ ಎಂಜಿನ್‌ನಲ್ಲಿ ಕಂಪ್ರೆಷನ್ ಜಾಸ್ತಿ, ಮೇಲೆ ಉಳಿಯುವ ಜಾಗ ಇನ್ನೂ ಕಡಿಮೆ. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಇದ್ದು, ಸಾಮಾನು ಟರ್ಬೊಗೆ ಗಾಳಿ ತರುವ ಹೋಸ್ ಪೈಪಿನಲ್ಲಿ ಬಿದ್ದಿದ್ದರೆ ಮೊದಲು ಹೋಗುವುದು ಟರ್ಬೊ ರೆಕ್ಕೆಗಳು. ಅವು ನಿಮಿಷಕ್ಕೆ ಲಕ್ಷ ಸುತ್ತು ದಾಟಿ ತಿರುಗುತ್ತವೆ.

ಹಾಗಾದರೆ ಬಿದ್ದಾಗ ಏನು ಮಾಡಬೇಕು? ನಿಗಡಿಯ ಮಿಸ್ತ್ರಿ ನನಗೆ ಕೂರಿಸಿ ಹೇಳಿದ್ದನ್ನೇ ಬರೆಯುತ್ತೇನೆ. ಮೊದಲು ಬ್ಯಾಟರಿಯ ಮೈನಸ್ ವೈರ್ ತೆಗೆಸಿ, ಯಾರೂ ಮರೆತು ಸೆಲ್ಫ್ ಹೊಡೆಯಬಾರದು. ಎಂಜಿನ್ನನ್ನು ಕೈಯಿಂದಲೂ ತಿರುಗಿಸಬಾರದು. ನಾಲ್ಕು ಸಿಲಿಂಡರ್ ಎಂಜಿನ್ ಎಲ್ಲಿ ನಿಂತರೂ ಸಾಮಾನ್ಯವಾಗಿ ಯಾವುದಾದರೂ ಒಂದು ಇನ್‌ಟೇಕ್ ವಾಲ್ವ್ ತೆರೆದೇ ಇರುತ್ತದೆ. ತಿರುಗಿಸಿದರೆ ಮುಚ್ಚಿದ್ದದ್ದೂ ತೆರೆದು ಸಾಮಾನು ಒಳಗೆ ಇಳಿಯಬಹುದು. ಕಂಪ್ರೆಸರ್ ಗಾಳಿಯನ್ನಂತೂ ಬಿಡಲೇಬಾರದು, ಅದು ಇನ್ನೂ ಆಳಕ್ಕೆ ತಳ್ಳುತ್ತದೆ.

ಬಹಳ ಸಲ ಬಿದ್ದ ಸಾಮಾನು ಮ್ಯಾನಿಫೋಲ್ಡಿನ ತಳದಲ್ಲೇ ಕೂತಿರುತ್ತದೆ. ಎಂಡೋಸ್ಕೋಪ್ ಇಳಿಸಿ ಮೊದಲು ಅಲ್ಲಿ ನೋಡಿ. ಉಕ್ಕಿನದಾದರೆ ಉದ್ದ ಕಡ್ಡಿಯ ಮ್ಯಾಗ್ನೆಟ್ ಸಾಕು. ಆದರೆ ಇಳಿಸುವ ಮುಂಚೆ ಅದರ ಜೊತೆಯ ಇನ್ನೊಂದು ನಟ್ಟಿಗೆ ಮ್ಯಾಗ್ನೆಟ್ ಹಿಡಿದು ನೋಡಿ. ಅಲ್ಯುಮಿನಿಯಂ, ಹಿತ್ತಾಳೆ, ಪ್ಲಾಸ್ಟಿಕ್ ಅಂಟುವುದಿಲ್ಲ, ಎಷ್ಟೋ ಸ್ಟೇನ್‌ಲೆಸ್ ಸ್ಟೀಲ್ ನಟ್‌ಗಳೂ ಅಂಟುವುದಿಲ್ಲ. ಅಂಥವಕ್ಕೆ ಕಡ್ಡಿಯ ತುದಿಗೆ ದಪ್ಪ ಗ್ರೀಸ್ ಹಚ್ಚಿ ಅಂಟಿಸಿ ಎತ್ತುತ್ತಾರೆ. ಕೆಲವರು ವ್ಯಾಕ್ಯೂಮ್ ಕ್ಲೀನರ್‌ಗೆ ತೆಳು ಪೈಪ್ ಕಟ್ಟಿ ಎಳೆಯುತ್ತಾರೆ. ಪೆಟ್ರೋಲ್ ವಾಸನೆ ಇದ್ದರೆ ಅದು ಬೇಡವೇ ಬೇಡ, ಆ ಮೋಟಾರಿನ ಕಿಡಿಗೆ ಬೆಂಕಿ ಹತ್ತಬಹುದು.

ಇಷ್ಟಕ್ಕೂ ಸಿಗದಿದ್ದರೆ ಮ್ಯಾನಿಫೋಲ್ಡ್ ಬಿಚ್ಚಿಸಿ. ಕೆಲವು ಗಂಟೆಗಳ ಕೆಲಸ, ಒಂದು ಗ್ಯಾಸ್ಕೆಟ್ ಖರ್ಚು, ಅಷ್ಟೇ. ಅಲ್ಲೂ ಕಾಣದಿದ್ದರೆ ಎಲ್ಲ ಪ್ಲಗ್ ತೆಗೆದು ಎಲ್ಲ ಸಿಲಿಂಡರ್ ಒಳಗೂ ಕ್ಯಾಮೆರಾ ಹಾಕಬೇಕು. ಒಂದನ್ನೂ ಬಿಡಬಾರದು. 'ಬಿದ್ದೇ ಇಲ್ಲ ಅನ್ಸುತ್ತೆ' ಅಂದರೆ ಒಪ್ಪಬೇಡಿ. ನಟ್ ನೆಲದ ಮೇಲೆ ಸಿಗಬೇಕು ಇಲ್ಲವೇ ಎಂಜಿನ್ ಒಳಗೆ ಸಿಗಬೇಕು.

ನನ್ನ ಗಾಡಿಯ ಹೆಡ್ ಇಳಿಸಬೇಕಾಯಿತು. ವಾಲ್ವ್, ಪಿಸ್ಟನ್, ಹೆಡ್ ಗ್ಯಾಸ್ಕೆಟ್, ಆಯಿಲ್, ಕೂಲಂಟ್, ಕೂಲಿ ಸೇರಿ ಬಿಲ್ 40 ಸಾವಿರ ದಾಟಿತು. ಊರಿಗೆ ಬಸ್ಸಿನಲ್ಲಿ ಹೋದೆವು. ಇನ್ಶೂರೆನ್ಸ್ ಇದೆಯಲ್ಲ ಎಂದು ಹಲವರು ಕೇಳಿದರು. ಮಾಮೂಲಿ ಕಾರ್ ಪಾಲಿಸಿಯಲ್ಲಿ ಮೆಕ್ಯಾನಿಕಲ್ ಬ್ರೇಕ್‌ಡೌನ್‌ಗೆ ಹಣ ಕೊಡುವುದಿಲ್ಲ. ಎಂಜಿನ್ ಪ್ರೊಟೆಕ್ಟ್ ಹೆಸರಿನ ಆಡ್-ಆನ್ ಮುಖ್ಯವಾಗಿ ನೀರು ಹೊಕ್ಕಿದ್ದಕ್ಕೆ, ಆಯಿಲ್ ಸೋರಿದ್ದಕ್ಕೆ ಇರುವುದು. ನಿಮ್ಮ ಪಾಲಿಸಿ ತೆಗೆದು ಒಮ್ಮೆ ಓದಿಕೊಳ್ಳಿ.

ಗ್ಯಾರೇಜಿನವರು ಮೊದಲು ಒಪ್ಪಲಿಲ್ಲ. ಜಜ್ಜಿದ ಪ್ಲಗ್, ಬಾಗಿದ ವಾಲ್ವ್, ಹೊಸ ಬಿಳಿ ನಟ್, ಎಲ್ಲದರ ಫೋಟೊ ಮತ್ತು ಅವರದೇ ಬಿಲ್ ಮುಂದಿಟ್ಟು, ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ ಎಂದು ಬರೆದು ಕೊಟ್ಟ ಮೇಲೆ ಅರ್ಧ ಹಣ ಕೊಟ್ಟರು. ನಿಮಗೆ ಹೀಗಾದರೆ ಹಳೆಯ ಪಾರ್ಟ್‌ಗಳನ್ನು ಗ್ಯಾರೇಜಿನಲ್ಲಿ ಬಿಡಬೇಡಿ, ಮನೆಗೆ ತನ್ನಿ. ಸಣ್ಣ ಕೆಲಸಕ್ಕೂ ಬಿಲ್ ಬರೆಸಿಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು 2 ವರ್ಷ ಸಮಯ ಇರುತ್ತದೆ.

ಈಗ ಮೊಬೈಲ್‌ಗೆ ಜೋಡಿಸುವ ಒಂದು ಎಂಡೋಸ್ಕೋಪ್, ಒಂದು ಉದ್ದ ಮ್ಯಾಗ್ನೆಟ್ ಕಡ್ಡಿ ತಂದಿಟ್ಟಿದ್ದೇನೆ. ನಿಗಡಿ, ಆಕುರ್ಡಿ, ಚಿಂಚವಾಡ ಕಡೆ ಯಾರಿಗಾದರೂ ಹೀಗೆ ಆದರೆ ಸಂಕೋಚ ಬೇಡ, ಕೇಳಿ, ತಂದುಕೊಡುತ್ತೇನೆ. ನಾನು ಬರುವ ತನಕ ಕೀಲಿ ನಿಮ್ಮ ಜೇಬಿನಲ್ಲೇ ಇರಲಿ.